ಪೊಲೀಸರು ವೀಸಾ ಕೇಳ್ತಾರಾ ಅಕ್ಕಾ?

ತುಂಬ ದಿನದಿಂದ ಬರೆಯಬೇಕು ಅಂದುಕೊಂಡು ಮುಂದೂಡುತ್ತಲೇ ಬಂದ ವಿಷಯ ಇದು. ಮುಂದೂಡಿದ್ದಕ್ಕೆ ಸೋಮಾರಿತನ ಒಂದೇ ಕಾರಣ ಅಲ್ಲ. ಅಮೆರಿಕದಲ್ಲಿರುವ ನಮ್ಮ ಕನ್ನಡದವರ ನಡುವೆ ಈ ಮಾತು ಎತ್ತಿದರೆ ಸಾಕು, ಕೈಯಲ್ಲಿ ಹೋಳಿಗೆ ತಟ್ಟೆ ಹಿಡಿದುಕೊಂಡೇ ಜನ ಎರಡು ಪಕ್ಷವಾಗಿಬಿಡುತ್ತಾರೆ. ಯಾರ ಮನಸ್ಸೂ ನೋಯಿಸದೆ ಬರೆಯೋಕೆ ಆಗುತ್ತಾ ಅಂತ ಯೋಚಿಸಿ ಯೋಚಿಸಿ, ಆಗೋದಿಲ್ಲ ಅಂತ ಖಾತ್ರಿಯಾದ ಮೇಲೆ ಬರೆಯಲು ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ. ಕಾಫಿ ಮಾಡಿಟ್ಟುಕೊಂಡು ಕೂತರೆ ಒಳ್ಳೆಯದು :-)

ವಿಷಯ ಏನಪ್ಪಾ ಅಂದರೆ, ನಾನಿರುವ ಕ್ಯಾಲಿಫೋರ್ನಿಯಾ ಮತ್ತು ಇನ್ನೂ ಹಲವು ರಾಜ್ಯಗಳು ತಮ್ಮ ಪೊಲೀಸರಿಗೆ ಒಂದು ಲಕ್ಷ್ಮಣರೇಖೆ ಹಾಕಿಟ್ಟಿವೆ. ವಲಸೆ ಕಾನೂನು ಜಾರಿ ಮಾಡೋದು ಕೇಂದ್ರದ ಕೆಲಸ, ಅದಕ್ಕೆ ನೀವು ಕೈ ಹಾಕಬೇಡಿ ಅಂತ. ಇಂಥ ರಾಜ್ಯಗಳನ್ನು ಇಲ್ಲಿಯ ಟೀವಿಯವರು 'ಸ್ಯಾಂಕ್ಚುಯರಿ' ಅಂತ ಕರೆಯುತ್ತಾರೆ. ಊರಲ್ಲಿ ಕೂತು ಟೀವಿ ನೋಡುವ ನಮ್ಮ ಚಿಕ್ಕಪ್ಪ ಒಂದು ಭಾನುವಾರ ಫೋನಿನಲ್ಲಿ ಕೇಳಿದರು: "ಅಲ್ಲಮ್ಮಾ, ನಿಮ್ಮ ಕ್ಯಾಲಿಫೋರ್ನಿಯಾಕ್ಕೆ ಕೇಂದ್ರದ ಪೊಲೀಸರು ಕಾಲಿಡೋ ಹಾಗೇ ಇಲ್ವಂತೆ? ಕಳ್ಳರಿಗೆಲ್ಲ ರಂಗನತಿಟ್ಟು ಥರಾ ಮಾಡಿಟ್ಟಿದ್ದಾರಂತೆ?" ಸ್ಯಾಂಕ್ಚುಯರಿ ಅಂದ ತಕ್ಷಣ ಪಕ್ಷಿಧಾಮ ಜ್ಞಾಪಕ ಬರೋದು ಅವರ ತಪ್ಪಲ್ಲ ಬಿಡಿ.

ಆದರೆ ಕೇಂದ್ರದವರು ಕಾಲಿಡಬಹುದು. ಇಡುತ್ತಾರೆ ಕೂಡ. ಐಸ್ ಅಂತ ಅವರ ಇಲಾಖೆಯ ಹೆಸರು (ಐಸ್‌ಕ್ಯಾಂಡಿಯ ಐಸ್ ಅಲ್ಲ, ಇದನ್ನು ಕೇಳಿದರೆ ಬೆವರುತ್ತೆ). 2025ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹೋಮ್ ಡಿಪೋ ಅಂಗಡಿಯ ಮುಂದೆ ಕೂಲಿಗೆ ನಿಂತವರನ್ನೂ, ಬಟ್ಟೆ ಗೋದಾಮಿನಲ್ಲಿ ಕೆಲಸ ಮಾಡುತ್ತಿದ್ದವರನ್ನೂ ಅವರು ಹಿಡಿದುಕೊಂಡು ಹೋದಾಗ ಕ್ಯಾಲಿಫೋರ್ನಿಯಾದ ಈ ಕಾನೂನು ಪೂರ್ತಿ ಜಾರಿಯಲ್ಲೇ ಇತ್ತು. ಅದು ಯಾರನ್ನೂ ತಡೆಯಲಿಲ್ಲ, ತಡೆಯುವುದಕ್ಕೆ ಅಂತ ಬರೆದದ್ದೂ ಅಲ್ಲ.

ಚಿಕ್ಕಪ್ಪನಿಗೆ ಅರ್ಥ ಮಾಡಿಸೋಕೆ ನಾನು ಸಿಬಿಐ ಕಥೆ ಹೇಳಿದೆ. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಸಿಬಿಐಗೆ ಕೊಟ್ಟಿದ್ದ ಸಾಮಾನ್ಯ ಒಪ್ಪಿಗೆಯನ್ನು ವಾಪಸ್ ತಗೊಂಡಿತಲ್ಲ, ಅಲ್ಲಿ ಕೇಂದ್ರದ ತನಿಖಾಧಿಕಾರಿ ರಾಜ್ಯದೊಳಗೆ ಹೊಸ ಕೇಸು ಹಿಡಿಯಬೇಕಾದರೆ ಸಾಮಾನ್ಯವಾಗಿ ರಾಜ್ಯದ ಅನುಮತಿಯೋ ಕೋರ್ಟಿನ ಆದೇಶವೋ ಬೇಕು. ಇಲ್ಲಿಯದು ಅಷ್ಟೂ ಇಲ್ಲ. ಐಸ್ ಯಾರ ಅನುಮತಿಯನ್ನೂ ಕೇಳಬೇಕಾಗಿಲ್ಲ. ರಾಜ್ಯ ಹೇಳುತ್ತಿರುವುದು ಇಷ್ಟೇ: "ನೀವು ಬನ್ನಿ, ನಿಮ್ಮ ಕೆಲಸ ನೀವು ಮಾಡಿಕೊಳ್ಳಿ. ನಮ್ಮ ಪೊಲೀಸರನ್ನ, ನಮ್ಮ ಜೈಲನ್ನ, ನಮ್ಮ ದುಡ್ಡನ್ನ ಕೇಳಬೇಡಿ." ನಮ್ಮೂರಿನಿಂದ ಬಂದವರಿಗೆ ಇದು ವಿಚಿತ್ರ ಅನ್ನಿಸುತ್ತೆ. ಪಾಸ್‌ಪೋರ್ಟ್ ಕೊಡುವುದು ಕೇಂದ್ರದ ವಿದೇಶಾಂಗ ಇಲಾಖೆ, ಆದರೆ ವೆರಿಫಿಕೇಶನ್‌ಗೆ ಮನೆ ಬಾಗಿಲಿಗೆ ಬಂದು ನಿಲ್ಲುವುದು ನಮ್ಮ ಸ್ಟೇಷನ್ನಿನ ಕಾನ್‌ಸ್ಟೇಬಲ್ಲೇ. "ಕಾಫಿ ತಗೋತೀರಾ ಸಾರ್" ಅಂತ ಅಮ್ಮ ಕೇಳಿ, ಕಾಫಿಯ ಜೊತೆಗೆ ಇನ್ನೊಂದಿಷ್ಟು ಕೊಟ್ಟು ಕಳಿಸುವ ಆ ದೃಶ್ಯ ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ನಡೆದಿಲ್ಲ ಹೇಳಿ! ಪೊಲೀಸ್ ಅಂದರೆ ಪೊಲೀಸ್, ಸರ್ಕಾರ ಅಂದರೆ ಸರ್ಕಾರ, ಎಲ್ಲ ಒಂದೇ ಅಂತ ನಮ್ಮ ತಲೆಯಲ್ಲಿ ಕೂತಿರೋದು ಅಲ್ಲಿಂದ.

ಇಲ್ಲಿಗೆ ಬಂದ ನಮ್ಮ ಹುಡುಗಿಯರ ತಲೆಯಲ್ಲೂ ಅದೇ ಕೂತಿರುತ್ತೆ. ನಾನು ಈ ಕಾನೂನಿನ ಬಗ್ಗೆ ತಲೆ ಕೆಡಿಸಿಕೊಂಡಿದ್ದೇ ಅದರಿಂದ.

ವಾರದಲ್ಲಿ ಒಂದು ಸಂಜೆ, ಮನೆಯೊಳಗಿನ ಹಿಂಸೆಗೆ ಸಿಕ್ಕ ಹೆಂಗಸರಿಗೆ ನೆರವಾಗುವ ಒಂದು ಸಂಸ್ಥೆಗೆ ನಾನು ಫೋನಿನಲ್ಲಿ ಕನ್ನಡ ದುಭಾಷಿ ಕೆಲಸ ಮಾಡುತ್ತೇನೆ. ಸಂಬಳ ಇಲ್ಲ. ಆ ಕಡೆ ವಕೀಲೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ, ಈ ಕಡೆಯವರು ಕನ್ನಡದಲ್ಲಿ ಅತ್ತಿದ್ದನ್ನು ಇಂಗ್ಲಿಷಿಗೆ. ಬಹಳ ವಾರ ಫೋನೇ ಬರುವುದಿಲ್ಲ. ಒಂದು ಸಂಜೆ ಬಂತು. (ಇಲ್ಲಿ ಬರೆಯುವುದಕ್ಕೆ ಅವಳನ್ನು ಕೇಳಿ ಒಪ್ಪಿಗೆ ತಗೊಂಡಿದ್ದೇನೆ, ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ.) ಮಾತಿನ ಧಾಟಿಯಲ್ಲಿ ಹಾಸನದ ಕಡೆಯವಳು ಅನ್ನಿಸಿತು. ಗಂಡ ಎಚ್-1ಬಿ, ಇವಳು ಎಚ್-4, ಅಂದರೆ ಗಂಡನ ವೀಸಾ ಇರುವವರೆಗೆ ಮಾತ್ರ ಇವಳದ್ದು. ಇಲ್ಲೇ ಹುಟ್ಟಿದ ಒಂದು ಪುಟ್ಟ ಮಗು. ಗಂಡನಿಗೆ ಕೆಲಸ ಹೋಗಿತ್ತು. ಕೆಲಸ ಹೋದರೆ ಇನ್ನೊಂದು ಹುಡುಕಿಕೊಳ್ಳೋಕೆ 60 ದಿನ ಕೊಡುತ್ತಾರೆ, ಅದರಲ್ಲಿ ಹೆಚ್ಚಿನವು ಕಳೆದುಹೋಗಿದ್ದವು. ಕೈ ಮಾಡುವುದು ಮೊದಲಿನಿಂದಲೂ ಇತ್ತು, ಈಗ ದಿನಾ ಆಗಿತ್ತು.

ಅವಳು ಹೊಡೆತದ ಬಗ್ಗೆ ಮೊದಲು ಹೇಳಲೇ ಇಲ್ಲ. ಕೇಳಿದ ಮೊದಲ ಪ್ರಶ್ನೆ ಇದು: "ಅಕ್ಕಾ, ಪೊಲೀಸ್ ಬಂದ್ರೆ ಫಸ್ಟು ವೀಸಾ ಕೇಳ್ತಾರಾ?"

ಗಂಡ ಹೇಳಿದ್ದನಂತೆ: "ನೀನು 911 ಒತ್ತು ನೋಡೋಣ. ನಾಳೆ ಬೆಳಿಗ್ಗೆ ನಾನೂ ನೀನೂ ಇಂಡಿಯಾ ಫ್ಲೈಟಲ್ಲಿ ಇರ್ತೀವಿ, ಮಗು ಇಲ್ಲೇ ಸರ್ಕಾರದವರ ಹತ್ರ." ಪಾಸ್‌ಪೋರ್ಟ್ ಇದ್ದ ಡ್ರಾಯರಿನ ಬೀಗದ ಕೈ ಅವನ ಹತ್ತಿರ.

ನಾನು ಪ್ರಶ್ನೆಯನ್ನು ಇಂಗ್ಲಿಷಿಗೆ ತಿರುಗಿಸಿದೆ. ವಕೀಲೆ ಒಂದೇ ಪದದಲ್ಲಿ ಉತ್ತರ ಕೊಟ್ಟರು. "ಇಲ್ಲ." ನಾನು ಇಷ್ಟು ವರ್ಷ ಆ ಕೆಲಸ ಮಾಡಿದ್ದೇನೆ, ವಕೀಲರ ಬಾಯಲ್ಲಿ ಒಂದೇ ಪದದ ಉತ್ತರ ಕೇಳಿದ್ದು ಬಹಳ ಅಪರೂಪ. ಸಾಮಾನ್ಯವಾಗಿ "ಅದು ಸಂದರ್ಭಕ್ಕೆ ತಕ್ಕಂತೆ" ಅಂತಲೇ ಶುರುವಾಗುತ್ತೆ. ಅಷ್ಟು ಧೈರ್ಯವಾಗಿ 'ಇಲ್ಲ' ಅನ್ನೋಕೆ ಅವರಿಗೆ ಎಲ್ಲಿಂದ ಬಂತು ಅಂತ ಹುಡುಕುತ್ತ ಹೋಗಿ ನಾನು ಎಸ್‌ಬಿ 54 ಓದಿದೆ.

2017ರ ಅಕ್ಟೋಬರ್‌ನಲ್ಲಿ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದ ಕಾನೂನು, 2018ರ ಜನವರಿ 1ರಿಂದ ಜಾರಿ. ಮಂಡಿಸಿದವರು ಕೆವಿನ್ ಡಿ ಲಿಯೋನ್ ಅನ್ನುವ ಸೆನೆಟರ್. ಅದರ ಪ್ರಕಾರ ಕ್ಯಾಲಿಫೋರ್ನಿಯಾದ ಪೊಲೀಸರಾಗಲಿ, ಕೌಂಟಿ ಶೆರಿಫ್ ಆಗಲಿ ಯಾರನ್ನೂ "ನಿನ್ನ ವಲಸೆ ಕಾಗದ ಏನು" ಅಂತ ಕೇಳುವ ಹಾಗಿಲ್ಲ. ಐಸ್ ಕೇಳಿತು ಅಂತ ಯಾರನ್ನೂ ಬಿಡುಗಡೆಯ ಸಮಯ ದಾಟಿ ಜೈಲಿನಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಮನೆ ವಿಳಾಸ ಕೊಡುವ ಹಾಗಿಲ್ಲ. ಐಸ್‌ನವರಿಗೆ ಅಂತಲೇ ಜೈಲಿನಲ್ಲಿ ಕೋಣೆ ಮೀಸಲಿಡುವ ಹಾಗಿಲ್ಲ. ಇನ್ನೊಂದಿದೆ, ನನ್ನಂಥ ದುಭಾಷಿಗೆ ಬಹಳ ಹಿಡಿಸಿದ್ದು: ಪೊಲೀಸರು ವಿಚಾರಣೆಯ ಹೊತ್ತಿನಲ್ಲಿ ಭಾಷೆ ಗೊತ್ತಿಲ್ಲ ಅಂತ ವಲಸೆ ಅಧಿಕಾರಿಗಳನ್ನೇ ದುಭಾಷಿಯಾಗಿ ಕರೆಸಿಕೊಳ್ಳುವ ಹಾಗಿಲ್ಲ! ಹೀಗೆ ಬರೆಯಬೇಕಾಗಿ ಬಂತು ಅಂದರೆ ಮೊದಲು ಕರೆಸುತ್ತಿದ್ದರು ಅಂತ ತಾನೆ. ಹೊಡೆತ ತಿಂದ ಹೆಂಗಸಿನ ಮಾತನ್ನು ಅನುವಾದ ಮಾಡಲು ಗಡೀಪಾರು ಮಾಡುವ ಇಲಾಖೆಯವನು ಬಂದು ಕೂತರೆ ಅವಳು ಬಾಯಿ ಬಿಡುತ್ತಾಳಾ?

ಇದರಲ್ಲಿ ವಿನಾಯಿತಿಗಳೂ ಸಾಕಷ್ಟಿವೆ. ಗಂಭೀರ ಅಪರಾಧಗಳಲ್ಲಿ ಶಿಕ್ಷೆಯಾದವರ ಒಂದು ಉದ್ದನೆಯ ಪಟ್ಟಿ ಇದೆ, ಅಂಥವರ ಬಿಡುಗಡೆಯ ದಿನವನ್ನು ಶೆರಿಫ್ ಐಸ್‌ಗೆ ತಿಳಿಸಬಹುದು, ಒಪ್ಪಿಸಲೂಬಹುದು. ಜೆರ್ರಿ ಬ್ರೌನ್ ಚೌಕಾಸಿ ಮಾಡಿ ಆ ಪಟ್ಟಿಯನ್ನು ಉದ್ದ ಮಾಡಿಸಿದ ಮೇಲೇ ಸಹಿ ಹಾಕಿದ್ದು. ರಾಜ್ಯದ ದೊಡ್ಡ ಜೈಲುಗಳಿಗೆ ಈ ನಿರ್ಬಂಧಗಳಲ್ಲಿ ಹೆಚ್ಚಿನವು ಅನ್ವಯಿಸುವುದೇ ಇಲ್ಲ. "ಕೊಲೆಗಾರರನ್ನೆಲ್ಲ ಬಚ್ಚಿಡ್ತಾರೆ" ಅನ್ನುವವರು ಆ ಪಟ್ಟಿಯನ್ನು ಒಮ್ಮೆ ಓದಬೇಕು.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರೋದಿಲ್ಲ. ಯಾರನ್ನೇ ಅರೆಸ್ಟ್ ಮಾಡಿ ಜೈಲಿಗೆ ಕರೆದೊಯ್ದರೂ ಬೆರಳಚ್ಚು ತಗೊಳ್ಳುತ್ತಾರಲ್ಲ, ಅದು ಅಪರಾಧದ ಹಿನ್ನೆಲೆ ನೋಡಲು ಎಫ್‌ಬಿಐಗೆ ಹೋಗುತ್ತೆ. ಎಫ್‌ಬಿಐನಿಂದ ತಾನಾಗಿಯೇ ವಲಸೆ ಇಲಾಖೆಯ ಕಂಪ್ಯೂಟರಿಗೆ ಹೋಗುತ್ತೆ. 2008ರಲ್ಲಿ ಶುರುವಾದ 'ಸೆಕ್ಯೂರ್ ಕಮ್ಯುನಿಟೀಸ್' ಅನ್ನುವ ಏರ್ಪಾಡು ಅದು. ಅದನ್ನು ತಡೆಯೋಕೆ ಯಾವ ರಾಜ್ಯಕ್ಕೂ ಆಗಲಿಲ್ಲ, ಕ್ಯಾಲಿಫೋರ್ನಿಯಾಕ್ಕೂ ಇಲ್ಲ. ಅಂದರೆ ಒಬ್ಬ ಮನುಷ್ಯ ಯಾವ ಜೈಲಿನಲ್ಲಿದ್ದಾನೆ ಅನ್ನುವುದು ಐಸ್‌ಗೆ ಹೇಗೂ ತಿಳಿಯುತ್ತೆ. ತಿಳಿದ ಮೇಲೆ ಅವರು ಜೈಲಿಗೆ ಒಂದು ಫಾರಂ ಕಳಿಸುತ್ತಾರೆ, ಡಿಟೇನರ್ ಅಂತ. "ಇವನನ್ನು ನೀವು ಬಿಡುವ ಸಮಯ ಬಂದ ಮೇಲೂ 48 ಗಂಟೆಯವರೆಗೆ ಇಟ್ಟುಕೊಂಡಿರಿ, ನಾವು ಬಂದು ಕರೆದೊಯ್ಯುತ್ತೇವೆ" ಅಂತ. ಅದರ ಮೇಲೆ ಸಹಿ ಹಾಕಿರುವುದು ನ್ಯಾಯಾಧೀಶರಲ್ಲ, ಐಸ್‌ನದೇ ಅಧಿಕಾರಿ.

ಇಡೀ ಜಗಳ ಇರೋದು ಆ 48 ಗಂಟೆಯಲ್ಲಿ. ಕೋರ್ಟು ಬಿಡು ಅಂದಿದೆ, ಜಾಮೀನು ಕಟ್ಟಿಯಾಗಿದೆ, ಆದರೂ ಒಳಗಿಡಬೇಕು ಅಂದರೆ ಅದು ಹೊಸದಾಗಿ ಒಂದು ಬಂಧನವೇ. ಅದಕ್ಕೆ ಆಧಾರ ಏನು? ಓರೆಗಾನ್ ರಾಜ್ಯದ ಕ್ಲಾಕಮಸ್ ಕೌಂಟಿಯ ಜೈಲಿನಲ್ಲಿ ಒಬ್ಬ ಹೆಂಗಸಿಗೆ ಹೀಗೇ ಆಯಿತು. ಜಾಮೀನು ಕಟ್ಟಲು ಮನೆಯವರು ತಯಾರಿದ್ದರು, ಕಟ್ಟಿದರೂ ಬಿಡೋದಿಲ್ಲ, ಐಸ್ ಫಾರಂ ಇದೆ ಅಂದರು. ಅವಳು ಕೌಂಟಿಯ ಮೇಲೆ ಕೇಸು ಹಾಕಿದಳು. 2014ರ ಏಪ್ರಿಲ್‌ನಲ್ಲಿ ಫೆಡರಲ್ ಕೋರ್ಟು ಹೇಳಿತು: ಈ ಫಾರಂ ಬರೀ ಕೋರಿಕೆ, ಆದೇಶ ಅಲ್ಲ. ಸರಿಯಾದ ಕಾರಣವಿಲ್ಲದೆ ಅವಳನ್ನು ಹಿಡಿದಿಟ್ಟಿದ್ದು ಸಂವಿಧಾನದ ನಾಲ್ಕನೇ ತಿದ್ದುಪಡಿಗೆ ವಿರುದ್ಧ, ಅದರ ಹೊಣೆ ಕೌಂಟಿಯದೇ. ಐಸ್ ಮಾತು ಕೇಳಿದ್ದಕ್ಕೆ ದಂಡ ಕಟ್ಟಬೇಕಾದವರು ಸ್ಥಳೀಯರು! ಅದಾದ ಮೇಲೆ ಎಷ್ಟೋ ಶೆರಿಫ್‌ಗಳು ಯಾವ ಕರುಣೆಯಿಂದಲೂ ಅಲ್ಲ, ತಮ್ಮ ಜೇಬಿನ ಭಯದಿಂದ ಹಿಡಿದಿಡುವುದನ್ನು ನಿಲ್ಲಿಸಿದರು. ಮುಂದೆ 2017ರಲ್ಲಿ ಮ್ಯಾಸಚುಸೆಟ್ಸ್‌ನ ಅತ್ಯುನ್ನತ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಹೋಗಿ, ಬರೀ ಈ ಫಾರಂ ನೋಡಿ ಒಬ್ಬರನ್ನು ಹಿಡಿದಿಡುವ ಅಧಿಕಾರವೇ ನಮ್ಮ ರಾಜ್ಯದ ಅಧಿಕಾರಿಗಳಿಗಿಲ್ಲ ಅಂದಿತು. ವೀಸಾ ಅವಧಿ ಮೀರಿ ಉಳಿಯುವುದು ಈ ದೇಶದಲ್ಲಿ ಕ್ರಿಮಿನಲ್ ಅಪರಾಧ ಅಲ್ಲ, ಸಿವಿಲ್ ತಪ್ಪು. ಗಡಿ ಕದ್ದು ದಾಟುವುದು ಬೇರೆ, ಅದು ಅಪರಾಧ.

ಓರೆಗಾನ್ ಹೆಸರು ಬಂದಿದ್ದರಿಂದ ಒಂದು ಹಳೇ ಕಥೆ. ಇಂಥ ಕಾನೂನು ಇಡೀ ರಾಜ್ಯಕ್ಕೆ ಅಂತ ಮೊದಲು ಮಾಡಿದ್ದು ಅವರೇ, 1987ರಲ್ಲಿ. ಅದರ ಬೇರು ಹತ್ತು ವರ್ಷ ಹಿಂದೆ, 1977ರಲ್ಲಿ. ಇಂಡಿಪೆಂಡೆನ್ಸ್ ಅನ್ನುವ ಊರಿನ (ಹೆಸರು ನೋಡಿ!) ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದ ಮೆಕ್ಸಿಕನ್ ಮೂಲದ ಒಬ್ಬ ಮನುಷ್ಯನನ್ನು ಸ್ಥಳೀಯ ಪೊಲೀಸರು ಎಲ್ಲರೆದುರಿಗೆ ಹಿಡಿದು ವಲಸೆ ಸ್ಥಿತಿ ವಿಚಾರಿಸಿದರು. ಆತ ಅಮೆರಿಕದ ಪ್ರಜೆ. ಮುಖ ನೋಡಿ ಕೇಳಿದ್ದು ಅಷ್ಟೇ. 2018ರಲ್ಲಿ ಆ ಕಾನೂನು ರದ್ದು ಮಾಡಬೇಕು ಅಂತ ಜನರ ಮುಂದೆಯೇ ಮತಕ್ಕೆ ಇಟ್ಟರು. ಸುಮಾರು ಮೂರರಲ್ಲಿ ಎರಡು ಪಾಲು ಜನ ಬೇಡ, ಇರಲಿ ಅಂದರು. ಲಾಸ್ ಏಂಜಲೀಸ್ ಪೊಲೀಸರದ್ದಂತೂ ಇನ್ನೂ ಹಳೆಯದು. ವಲಸೆ ಸ್ಥಿತಿ ತಿಳಿಯುವುದೇ ಉದ್ದೇಶವಾಗಿ ಪೊಲೀಸರು ಯಾರನ್ನೂ ನಿಲ್ಲಿಸಬಾರದು ಅನ್ನುವ ಆದೇಶ ಅಲ್ಲಿ 1979ರಿಂದ ಇದೆ. ಹೊರಡಿಸಿದ ಮುಖ್ಯಸ್ಥ ಡ್ಯಾರಿಲ್ ಗೇಟ್ಸ್. ಅವರ ಹೆಸರು ಕೇಳಿದವರು ಯಾರೂ ಅವರನ್ನು ಮೃದು ಮನಸ್ಸಿನವರು ಅನ್ನಲಾರರು. ಸಾಕ್ಷಿಗಳೂ ನೊಂದವರೂ ಹೆದರಿ ಬಾಯಿ ಮುಚ್ಚಿಕೊಂಡರೆ ತನ್ನ ಕೆಲಸವೇ ನಡೆಯೋದಿಲ್ಲ ಅನ್ನುವ ಪೊಲೀಸ್ ಲೆಕ್ಕಾಚಾರ ಅಷ್ಟೇ.

ಕೇಂದ್ರ ಹೇಳಿದ್ದನ್ನು ರಾಜ್ಯ ಕೇಳೋದಿಲ್ಲ ಅಂದರೆ ಅದು ಹೇಗೆ ಸಾಧ್ಯ ಅಂತ ನನಗೂ ಅನ್ನಿಸಿತ್ತು. ಅದರ ಜಾಡು ಹಿಡಿದು ಹೋದರೆ ಮಜಾ ಇದೆ. 1993ರಲ್ಲಿ ಬಂದೂಕು ಮಾರಾಟದ ಬಗ್ಗೆ ಬ್ರೇಡಿ ಕಾಯಿದೆ ಬಂತು. ಕೊಳ್ಳುವವನ ಹಿನ್ನೆಲೆಯನ್ನು ಸ್ಥಳೀಯ ಶೆರಿಫ್ ಪರಿಶೀಲಿಸಬೇಕು ಅಂತ ಕೇಂದ್ರ ಹೇಳಿತು. ಮೊಂಟಾನಾ ಮತ್ತು ಅರಿಜೋನಾದ ಇಬ್ಬರು ಶೆರಿಫ್‌ಗಳು, "ನಾವೇನು ನಿಮ್ಮ ಜೀತದಾಳುಗಳಾ?" ಅನ್ನುವ ಧಾಟಿಯಲ್ಲಿ ಕೋರ್ಟಿಗೆ ಹೋದರು. 1997ರಲ್ಲಿ ಸುಪ್ರೀಂ ಕೋರ್ಟು 5-4ರಲ್ಲಿ ಅವರ ಪರ ತೀರ್ಪು ಕೊಟ್ಟಿತು. ಕೇಂದ್ರದ ಕಾರ್ಯಕ್ರಮವನ್ನು ನಡೆಸಿಕೊಡು ಅಂತ ರಾಜ್ಯದ ಅಧಿಕಾರಿಗಳಿಗೆ ಅಪ್ಪಣೆ ಮಾಡುವ ಹಾಗಿಲ್ಲ ಅಂತ ಬರೆದವರು ಕಟ್ಟಾ ಸಂಪ್ರದಾಯವಾದಿ ನ್ಯಾಯಮೂರ್ತಿ ಸ್ಕಲಿಯಾ. ಬಂದೂಕು ಪ್ರೇಮಿಗಳು ಹರ್ಷಪಟ್ಟ ಆ ತೀರ್ಪಿನ ಮೇಲೇ ಇವತ್ತು ಕ್ಯಾಲಿಫೋರ್ನಿಯಾದ ವಲಸಿಗರ ಕಾನೂನು ನಿಂತಿದೆ. 2018ರಲ್ಲಿ ಟ್ರಂಪ್ ಸರ್ಕಾರ ಕ್ಯಾಲಿಫೋರ್ನಿಯಾದ ಮೇಲೆ ಕೇಸು ಹಾಕಿದಾಗ 2019ರಲ್ಲಿ ಮೇಲ್ಮನವಿ ಕೋರ್ಟು ಇದೇ ತತ್ವ ಹಿಡಿದು ಎಸ್‌ಬಿ 54 ಅನ್ನು ಉಳಿಸಿತು. 2020ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಆ ಅರ್ಜಿಯನ್ನು ಕೈಗೆತ್ತಿಕೊಳ್ಳಲೇ ಇಲ್ಲ.

ಇನ್ನೂ ಹಿಂದೆ ಹೋದರೆ 1842ರ ಪ್ರಿಗ್ ಪ್ರಕರಣ. ಓಡಿಬಂದ ಗುಲಾಮರನ್ನು ಹಿಡಿದುಕೊಡುವ ಕೇಂದ್ರ ಕಾನೂನಿನ ಬಗ್ಗೆ. ತೀರ್ಪು ಗುಲಾಮರ ಪರ ಬರಲಿಲ್ಲ, ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ್ದ ತಾಯಿ ಮಕ್ಕಳನ್ನು ಹಿಡಿದೊಯ್ದವನೇ ಗೆದ್ದ. ಆದರೆ ಅದೇ ತೀರ್ಪಿನಲ್ಲಿ, ಆ ಕೇಂದ್ರ ಕಾನೂನನ್ನು ಜಾರಿ ಮಾಡಲೇಬೇಕು ಅಂತ ರಾಜ್ಯಗಳನ್ನು ಬಲವಂತ ಮಾಡೋಕೆ ಬರೋದಿಲ್ಲ ಅನ್ನುವ ಒಂದು ಮಾತಿತ್ತು. ಆ ಸಂದಿಯಲ್ಲೇ ಮರುವರ್ಷ ಮ್ಯಾಸಚುಸೆಟ್ಸ್ ತನ್ನ ಅಧಿಕಾರಿಗಳೂ ಜೈಲುಗಳೂ ಆ ಕೆಲಸಕ್ಕೆ ಬಳಕೆಯಾಗಬಾರದು ಅಂತ ಕಾನೂನು ಮಾಡಿತು. ವಲಸೆಗೂ ಗುಲಾಮಗಿರಿಗೂ ಹೋಲಿಕೆ ಮಾಡುತ್ತಿಲ್ಲ, ದಯವಿಟ್ಟು ಜಗಳಕ್ಕೆ ಬರಬೇಡಿ. ಕಾನೂನಿನ ಎಳೆ ಎಷ್ಟು ಹಳೆಯದು ಅಂತ ಹೇಳಿದೆ ಅಷ್ಟೇ.

ಈಗ ನನ್ನ ಗೆಳೆಯನ ಮಾತು. ಹೆಸರು ಬೇಡ, ಅವನೂ ಇದನ್ನು ಓದುತ್ತಾನೆ. ಕನ್ನಡ ಕೂಟದ ಯುಗಾದಿ ಊಟದಲ್ಲಿ ನಾನು ಈ ಕಾನೂನನ್ನು ಹೊಗಳಿದ್ದಕ್ಕೆ ಅವನು ಸಿಟ್ಟಾದ. "ನಾನು ಗ್ರೀನ್ ಕಾರ್ಡಿಗೆ ಅಂತ ಹದಿನೇಳು ವರ್ಷದಿಂದ ಕ್ಯೂನಲ್ಲಿ ನಿಂತಿದ್ದೀನಿ. ಅಪ್ಪ ತೀರಿಕೊಂಡಾಗ ವೀಸಾ ಸ್ಟಾಂಪಿಂಗ್ ಭಯಕ್ಕೆ ಹೋಗೋದೋ ಬೇಡವೋ ಅಂತ ಎರಡು ದಿನ ಯೋಚಿಸಿದವನು ನಾನು. ನಂದಿನಿ ಬೂತಲ್ಲಿ ಕ್ಯೂ ತಪ್ಪಿಸಿ ನುಗ್ಗೋನಿಗೆ ಬೂತಿನವನೇ ಹಾಲು ಕೊಟ್ಟು ಕಳಿಸಿದ ಹಾಗಾಯ್ತು ಇದು." ಅವನ ನೋವು ಸುಳ್ಳಲ್ಲ. ಅವನ ಕ್ಯೂ ಉದ್ದ ಆಗಿರುವುದು ಗಡಿ ದಾಟಿದವರಿಂದಲ್ಲ, ಯಾವ ದೇಶದವರಿಗೂ ವರ್ಷಕ್ಕೆ ಶೇ. 7ಕ್ಕಿಂತ ಹೆಚ್ಚು ಗ್ರೀನ್ ಕಾರ್ಡ್ ಕೊಡಬಾರದು ಅನ್ನುವ ಮಿತಿಯಿಂದ ಅಂತ ನಾನು ಹೇಳಿದೆ. ಲೆಕ್ಕ ಸರಿ ಇದ್ದರೂ ಅದರಿಂದ ಅವನಿಗೇನೂ ಸಮಾಧಾನ ಆಗಲಿಲ್ಲ. ಆಗುವಂಥದ್ದೂ ಅಲ್ಲ.

ಹಾಗಂತ ಕಾಗದವಿಲ್ಲದವರು ಅಂದರೆ ಬರೀ ಮೆಕ್ಸಿಕೋದವರು ಅಂದುಕೊಳ್ಳುವುದು ನಮ್ಮವರ ಇನ್ನೊಂದು ಚಾಳಿ. ಪ್ಯೂ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಇಲ್ಲಿ ಕಾಗದವಿಲ್ಲದೆ ಇದ್ದ ಭಾರತೀಯರು ಏಳು ಲಕ್ಷಕ್ಕೂ ಹೆಚ್ಚು. 2025ರ ಫೆಬ್ರವರಿ 5ರಂದು ಅಮೃತಸರದಲ್ಲಿ ಇಳಿದ ಸೈನ್ಯದ ವಿಮಾನದಲ್ಲಿ 104 ಜನ ನಮ್ಮವರಿದ್ದರು, ದಾರಿಯುದ್ದಕ್ಕೂ ಕೈಗೆ ಕೋಳ. ಕೆಲಸ ಹೋಗಿ 60 ದಿನ ದಾಟಿದ ಎಚ್-1ಬಿ ಮನುಷ್ಯನೂ ಅರವತ್ತೊಂದನೇ ದಿನ ಬೆಳಿಗ್ಗೆ ಏಳುವಾಗ ಅದೇ ಸಾಲಿಗೆ ಸೇರಿರುತ್ತಾನೆ. ಬಾತ್‌ರೂಮಿನ ಕನ್ನಡಿಯಲ್ಲಿ ಮುಖ ಮಾತ್ರ ನಿನ್ನೆಯದೇ.

ಇದರ ವಿರುದ್ಧ ಇರುವ ವಾದಗಳಲ್ಲಿ ನನಗೆ ನಿಜವಾಗಿ ತೂಕವಿದೆ ಅನ್ನಿಸಿದ್ದು ಶೆರಿಫ್‌ಗಳದ್ದು. ಅವರು ಹೇಳುವುದು: ಜೈಲಿನೊಳಗೆ ಒಪ್ಪಿಸಿದರೆ ಯಾರಿಗೂ ಅಪಾಯವಿಲ್ಲ, ಆಯುಧವಿಲ್ಲ, ಬೇರೆಯವರಿಲ್ಲ. ಒಪ್ಪಿಸದಿದ್ದರೆ ಐಸ್‌ನವರು ಅವನ ಮನೆಗೆ, ಕೆಲಸದ ಜಾಗಕ್ಕೆ ಹೋಗುತ್ತಾರೆ, ಅಲ್ಲಿ ಅವನ ಜೊತೆಗೆ ಅಡುಗೆ ಮಾಡುತ್ತಿದ್ದವನನ್ನೂ ಎಳೆದೊಯ್ಯುತ್ತಾರೆ. ಇದನ್ನು ನಾನು ತಳ್ಳಿಹಾಕಲಾರೆ. 2015ರ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪಿಯರ್ ಮೇಲೆ ತಂದೆಯ ಜೊತೆ ನಡೆಯುತ್ತಿದ್ದ 32 ವರ್ಷದ ಹುಡುಗಿ ಗುಂಡು ತಗುಲಿ ಸತ್ತಳು. ಗುಂಡು ಹಾರಿದ್ದು ಐದು ಸಲ ಗಡೀಪಾರಾಗಿ ಮತ್ತೆ ಬಂದಿದ್ದವನ ಕೈಯಿಂದ. ಕೆಲವೇ ತಿಂಗಳ ಹಿಂದೆ ಐಸ್ ಕೋರಿಕೆ ಇದ್ದರೂ ಶೆರಿಫ್ ಅವನನ್ನು ಬಿಟ್ಟಿದ್ದರು. ಗುಂಡು ನೆಲಕ್ಕೆ ಬಡಿದು ಚಿಮ್ಮಿದ್ದು ಅಂತ ಆಮೇಲೆ ಗೊತ್ತಾಯಿತು, ಕೊಲೆ ಆರೋಪದಿಂದ 2017ರಲ್ಲಿ ಜ್ಯೂರಿ ಅವನನ್ನು ಖುಲಾಸೆ ಮಾಡಿತು. ಆದರೆ ಆ ಅಪ್ಪನ ಮುಂದೆ ನಿಂತು "ಅಂಕಿ ಅಂಶ ನೋಡಿ" ಅನ್ನುವ ಧೈರ್ಯ ನನಗಿಲ್ಲ.

ಅಂಕಿ ಅಂಶವೂ ಇದೆ ಅನ್ನಿ. 2020ರಲ್ಲಿ ಡೇವಿಡ್ ಹೌಸ್‌ಮನ್ ಅನ್ನುವ ಸಂಶೋಧಕ ನೂರಾರು ಕೌಂಟಿಗಳ ಲೆಕ್ಕ ತೆಗೆದು, ಇಂಥ ನೀತಿಗಳಿಂದ ಗಡೀಪಾರು ಸುಮಾರು ಮೂರನೇ ಒಂದು ಪಾಲು ಕಡಿಮೆಯಾಗಿದೆ, ಅಪರಾಧ ಹೆಚ್ಚಿದ್ದು ಕಾಣಲಿಲ್ಲ ಅಂತ ಪ್ರಕಟಿಸಿದರು. ಪೊಲೀಸ್ ಮುಖ್ಯಸ್ಥರು ಕೊಡುವ ಲೆಕ್ಕಗಳನ್ನು ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ. 2017ರಲ್ಲಿ ಹ್ಯೂಸ್ಟನ್ನಿನ ಮುಖ್ಯಸ್ಥರು, ಲ್ಯಾಟಿನೋ ಹೆಂಗಸರು ಅತ್ಯಾಚಾರದ ದೂರು ಕೊಡುವುದು ಹಿಂದಿನ ವರ್ಷಕ್ಕಿಂತ ಶೇ. 40ಕ್ಕೂ ಹೆಚ್ಚು ಕಡಿಮೆಯಾಗಿದೆ ಅಂದರು. ಕೆಲವೇ ತಿಂಗಳ ಲೆಕ್ಕ, ಕಾರಣ ಇದೇ ಅಂತ ಸಾಧಿಸುವುದು ಕಷ್ಟ. ದೂರು ಕೊಡದವರನ್ನು ಎಣಿಸುವುದಾದರೂ ಹೇಗೆ? ನನಗೆ ಗೊತ್ತಿರುವುದು ಫೋನಿನಲ್ಲಿ ಕೇಳಿದ ಒಬ್ಬಳ ದನಿ.

ಅವಳು ನಾಲ್ಕು ದಿನ ಬಿಟ್ಟು 911 ಒತ್ತಿದಳು. ಪೊಲೀಸರು ಬಂದರು, ಇಬ್ಬರು, ಅದರಲ್ಲಿ ಒಬ್ಬಳು ಹೆಂಗಸು. ಫೋನಿನಲ್ಲಿ ದುಭಾಷಿ ಹಾಕಿದರು, ಮೊದಲು ಹಿಂದಿಯವರು ಸಿಕ್ಕಿದರಂತೆ! ಇಂಡಿಯಾ ಅಂದರೆ ಹಿಂದಿ ಅನ್ನುವುದು ಇಲ್ಲಿಯ ಪೊಲೀಸರಿಗೂ ಅಂಟಿದೆ ನೋಡಿ. ಇಪ್ಪತ್ತು ನಿಮಿಷದ ಮೇಲೆ ಕನ್ನಡದವರು ಸಿಕ್ಕಿದರು. ಏನಾಯಿತು, ಎಲ್ಲಿ ಹೊಡೆದ, ಮಗು ಎಲ್ಲಿತ್ತು, ಮನೆಯಲ್ಲಿ ಆಯುಧ ಇದೆಯಾ. ಪ್ರಶ್ನೆಗಳು ಅಷ್ಟೇ. ವೀಸಾ ಅನ್ನುವ ಪದ ಯಾರ ಬಾಯಲ್ಲೂ ಬರಲಿಲ್ಲ. ಗಂಡನನ್ನು ಕರೆದೊಯ್ದರು. ಡ್ರಾಯರ್ ಬೀಗದ ಕೈ ಅವನ ಜೇಬಿನಿಂದ ಈಸಿಕೊಟ್ಟವಳು ಆ ಹೆಂಗಸು ಪೊಲೀಸ್.

ಮಾರನೇ ದಿನದ ಫೋನಿನಲ್ಲಿ ಅವಳ ಪ್ರಶ್ನೆ ಬದಲಾಗಿತ್ತು. "ಅವರನ್ನ ಗಡೀಪಾರು ಮಾಡಿಬಿಡ್ತಾರಾ ಅಕ್ಕಾ?" ದನಿಯಲ್ಲಿ ಆಸೆಯಲ್ಲ, ಭಯ. ಊರಲ್ಲಿ ಮಾವನ ಮನೆ ಸಾಲ, ನಾದಿನಿ ಮದುವೆ, ಎಲ್ಲ ಅವನ ದುಡಿಮೆಯ ಮೇಲೆ ನಿಂತಿದ್ದವು. ಹೊಡೆತ ನಿಲ್ಲಬೇಕು, ಅವನು ಹಾಳಾಗಬಾರದು, ಇದು ಅವಳ ಲೆಕ್ಕ. ಬೆರಳಚ್ಚು ಹೋಗಿಯೇ ಹೋಗಿತ್ತು. ಆದರೆ ಬರೀ ಅರೆಸ್ಟಿನ ಮೇಲೆ ಐಸ್‌ಗೋಸ್ಕರ ಹಿಡಿದಿಡುವ ಹಾಗಿಲ್ಲವಾದ್ದರಿಂದ ಅವನು ಎರಡು ದಿನದಲ್ಲಿ ಜಾಮೀನಿನ ಮೇಲೆ ಹೊರಗೆ ಬಂದ. ಮನೆ ಹತ್ತಿರ ಸುಳಿಯದಂತೆ ಕೋರ್ಟಿನ ಆದೇಶ ಆಯಿತು. ಮೊಕದ್ದಮೆ ಮುಗಿದ ಮೇಲೆ ಅವನೇ ಊರಿಗೆ ಹೋದ.

ಗೆಳೆಯ ಇದನ್ನು ಕೇಳಿ, "ಅಂದರೆ ನಿನ್ನ ಕಾನೂನು ಕಾಪಾಡಿದ್ದು ಹೆಂಡತಿಗೆ ಹೊಡೆಯೋನನ್ನ" ಅಂದ. ಹೌದು, ಎರಡು ದಿನದ ಮಟ್ಟಿಗೆ ಅವನನ್ನೂ ಕಾಪಾಡಿತು. ಅವನಿಗೆ ಶಿಕ್ಷೆ ಕೊಡಲು ಇಲ್ಲಿ ಕೋರ್ಟಿದೆ, ಕೊಟ್ಟಿತು ಕೂಡ. ಅವನನ್ನು ನೇರ ವಿಮಾನ ಹತ್ತಿಸುತ್ತಾರೆ ಅಂತಿದ್ದರೆ ಅವಳು ಫೋನ್ ಎತ್ತುತ್ತಿರಲಿಲ್ಲ, ಅಷ್ಟು ಮಾತ್ರ ನಾನು ಆಣೆ ಮಾಡಿ ಹೇಳಬಲ್ಲೆ. ಇನ್ನೊಂದು: ತಡೆಯೋಕೆ ಹೋಗಿ ಅವಳ ಉಗುರು ಅವನ ಮುಖಕ್ಕೆ ತಾಗಿದ್ದರೆ ಪೊಲೀಸರು ಇಬ್ಬರನ್ನೂ ಜೀಪು ಹತ್ತಿಸಿದ ಉದಾಹರಣೆಗಳಿವೆ. ಆಗ ಹೋಗುತ್ತಿದ್ದ ಬೆರಳಚ್ಚು ಅವಳದ್ದೂ.

ಅವಳೀಗ ಯು ವೀಸಾಕ್ಕೆ ಅರ್ಜಿ ಹಾಕಿದ್ದಾಳೆ. ಅಪರಾಧಕ್ಕೆ ಸಿಕ್ಕಿ ನೊಂದು, ಪೊಲೀಸರಿಗೆ ನೆರವಾದವರಿಗೆ ಅಂತ 2000ದಲ್ಲಿ ಮಾಡಿದ ವೀಸಾ. ಅದಕ್ಕೆ "ಈಕೆ ನಮಗೆ ಸಹಕರಿಸಿದ್ದಾಳೆ" ಅಂತ ಪೊಲೀಸರ ಸಹಿ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಆ ಸಹಿಯನ್ನು ಸುಮ್ಮಸುಮ್ಮನೆ ನಿರಾಕರಿಸದಂತೆ 2016ರಿಂದ ಇನ್ನೊಂದು ಕಾನೂನಿದೆ, ಇವಳಿಗೆ ಸಿಕ್ಕಿತು. ವರ್ಷಕ್ಕೆ 10,000 ಮಾತ್ರ ಕೊಡುವುದು, ಸರದಿ ವರ್ಷಗಟ್ಟಲೆ. ನಡುವೆ ಅವಳ ಅಕ್ಕ ಡಾಲಸ್‌ಗೆ ಬಾ, ಮಗು ನೋಡಿಕೊಳ್ಳೋಕೆ ನಾನಿದ್ದೀನಿ ಅಂತ ಕರೆಯುತ್ತಿದ್ದಾಳೆ. ಟೆಕ್ಸಸ್‌ನಲ್ಲಿ 2017ರ ಕಾನೂನು ಇದಕ್ಕೆ ಪೂರ್ತಿ ಉಲ್ಟಾ. ಹಿಡಿದವರ ವಲಸೆ ಸ್ಥಿತಿ ಪೊಲೀಸರು ಕೇಳಬಹುದು, ಐಸ್ ಫಾರಂ ಬಂದರೆ ಜೈಲು ಇಟ್ಟುಕೊಳ್ಳಲೇಬೇಕು. 2025ರಲ್ಲಿ ಇನ್ನೊಂದು ಕಾನೂನು ಬಂದು, ಜೈಲು ನಡೆಸುವ ಶೆರಿಫ್‌ಗಳು ಐಸ್ ಜೊತೆ ಒಪ್ಪಂದಕ್ಕೆ ಸಹಿ ಹಾಕಲೇಬೇಕು ಅಂತಾಯಿತು. ಹೋಗಲಾ ಅಂತ ಅವಳು ಕೇಳಿದಾಗ ವಕೀಲೆಯ ಉತ್ತರ ಈ ಸಲ ಒಂದು ಪದದ್ದಾಗಿರಲಿಲ್ಲ. ನಾನು ಹದಿನೈದು ನಿಮಿಷ ಅನುವಾದ ಮಾಡಿದೆ. ಅಕ್ಕನ ಮನೆ ಊಟ ಬಿಟ್ಟು ಇಲ್ಲಿ ಒಂದು ಕೋಣೆಯಲ್ಲಿ ಇರು ಅನ್ನೋಕೆ ನನಗಂತೂ ಬಾಯಿ ಬರೋದಿಲ್ಲ.

ಕ್ಯಾಲಿಫೋರ್ನಿಯಾ ಒಳಗೂ ಎಲ್ಲ ಒಂದೇ ಥರ ಇಲ್ಲ. ಆರೆಂಜ್ ಕೌಂಟಿಯ ಶೆರಿಫ್ ಇಲಾಖೆ 2018ರಲ್ಲಿ ಏನು ಮಾಡಿತು ಗೊತ್ತಾ? ಬಿಡುಗಡೆ ದಿನವನ್ನು ಐಸ್‌ಗೆ ತಿಳಿಸಬಾರದು ಅಂತಿದೆ, ಆದರೆ ಎಲ್ಲರಿಗೂ ಬಹಿರಂಗವಾಗಿರುವ ಮಾಹಿತಿ ತಿಳಿಸಬಹುದು ಅಂತಲೂ ಇದೆ. ಸರಿ, ಜೈಲಿನಲ್ಲಿರುವ ಎಲ್ಲರ ಬಿಡುಗಡೆ ದಿನವನ್ನೂ ಇಂಟರ್ನೆಟ್ಟಿನಲ್ಲಿ ಹಾಕಿಬಿಟ್ಟರು! ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರ್ತೀನಿ ಅನ್ನೋದು ಇದಕ್ಕೇ.

ನ್ಯೂಜೆರ್ಸಿಯಲ್ಲಿರುವ ನಮ್ಮ ಬಳಗದವರಿಗೆ ಒಂದು ಮಾತು. ಅಲ್ಲಿ ಇಂಥದೇ ನಿರ್ದೇಶನ 2018ರ ನವೆಂಬರ್‌ನಲ್ಲಿ ಹೊರಡಿಸಿದವರು ಆಗ ಅಟಾರ್ನಿ ಜನರಲ್ ಆಗಿದ್ದ ಗುರ್ಬೀರ್ ಗ್ರೇವಾಲ್, ಭಾರತೀಯ ಮೂಲದ ಸಿಖ್ಖರು. ಅದೂ ಕೋರ್ಟು ಹತ್ತಿ 2021ರಲ್ಲಿ ಗೆದ್ದಿತು. ಎಡಿಸನ್ ಸುತ್ತಮುತ್ತ ಇರುವವರು ತಮ್ಮ ಮನೆಗೆ ಬರುವ ಹುಡುಗಿಯರಿಗೆ ಹೇಳಿಡಿ.

ಕೊನೆಗೆ ನಿಮ್ಮೆಲ್ಲರಿಂದ ಒಂದು ಸಹಾಯ ಬೇಕು. ಪೊಲೀಸರು ಬಂದರೆ ಏನು ಕೇಳುತ್ತಾರೆ, ಏನು ಕೇಳುವ ಹಾಗಿಲ್ಲ ಅಂತ ಕನ್ನಡದಲ್ಲಿ ಒಂದು ಹಾಳೆ ತಯಾರು ಮಾಡುತ್ತಿದ್ದೇವೆ, ಫ್ರಿಜ್ಜಿನ ಮೇಲೆ ಅಲ್ಲ, ಅಕ್ಕಿ ಡಬ್ಬದೊಳಗೆ ಇಟ್ಟುಕೊಳ್ಳುವಷ್ಟು ಚಿಕ್ಕದು. ನಾನು 'ಡಿಟೇನರ್' ಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. 'ತಡೆ ಆಜ್ಞೆ' ಅಂದರೆ ಕೋರ್ಟಿನ ಆಜ್ಞೆ ಅಂದುಕೊಳ್ಳುತ್ತಾರೆ, ಅದೇ ಆಗಬಾರದ್ದು. 'ಹಿಡಿದಿಡುವ ಕೋರಿಕೆ' ಅಂತ ಬರೆದೆ, ಓದಿದವರೊಬ್ಬರು ಮದುವೆಗೆ ಕರೆದ ಹಾಗಿದೆ ಅಂದರು. ಊರಿನ ಹುಡುಗಿಗೆ ಓದಿದ ತಕ್ಷಣ ಇದು ನ್ಯಾಯಾಧೀಶರ ಸಹಿ ಇಲ್ಲದ ಚೀಟಿ ಅಂತ ಗೊತ್ತಾಗುವಂಥ ಪದ ನಿಮಗೆ ಹೊಳೆದರೆ ಕಾಮೆಂಟಿನಲ್ಲಿ ಹಾಕಿ. ಮುಂದಿನ ವಾರ ಹಾಳೆ ಅಚ್ಚಿಗೆ ಹೋಗುತ್ತೆ.